ಚೌಕಿ ನೋಡಿ ಬಾ

— ಮಾವ, ಈ ಅಡಿಕೆ ಪಟೋರಕ್ಕಾ, ಕರಿಗೋಟಿಗಾ?

— ಬಿರುಕು ಬಿಟ್ಟದ್ದು ಪಟೋರಕ್ಕೆ, ಕಪ್ಪಾದದ್ದು ಕರಿಗೋಟಿಗೆ, ಚಂದದ್ದು ಈ ದೊಡ್ಡ ಹೆಡಿಗೆಗೆ. ಮೂರು ಸಲ ಹೇಳಿ ಆಯ್ತು. ನಿನ್ನ ತಲೆ ಎಲ್ಲಿಗೆ ಹೋಗಿದೆ ಮಾರಾಯ್ತಿ?

— ಫಾರ್ಮಿಗೆ.

— ಎಂತ ಫಾರ್ಮು?

— ಒಂಬತ್ತನೇ ಕ್ಲಾಸಿನವರಿಗೆ ಕೊಟ್ಟಿದ್ದಾರೆ. ಸಹಪಠ್ಯ ಚಟುವಟಿಕೆ ಎರಡು ಆರಿಸಿ, ಮನೆಯಲ್ಲಿ ಸೈನ್ ಹಾಕಿಸಿ, ಸೋಮವಾರ ತರ್ಬೇಕು. ಗೈಡ್ಸ್ ಉಂಟು, ತ್ರೋಬಾಲ್, ಅತ್ಲೆಟಿಕ್ಸ್ ಉಂಟು. ಇಕೋ ಕ್ಲಬ್, ವಿಜ್ಞಾನ ಸಂಘ. ಶನಿವಾರ ಮಧ್ಯಾಹ್ನದ ಮೇಲೆ ಯಕ್ಷಗಾನ. ಮತ್ತೆ ಪ್ರತಿಭಾ ಕಾರಂಜಿಯ ತಯಾರಿ ಅಂತ ಒಂದು. ನಾನು ಅದರಲ್ಲಿ ಬೀಳುದಿಲ್ಲ.

— ಯಾಕೆ, ನಿನ್ನ ಸ್ವರ ಒಳ್ಳೆದುಂಟಲ್ಲ.

— ಕಳೆದ ವರ್ಷ ಎಂತಾಯ್ತು ಗೊತ್ತುಂಟಾ? ಭಾವಗೀತೆಗೆ ಮೂವರು, ಜಾನಪದ ಗೀತೆಗೆ ಇಬ್ಬರು ಹೆಸರು ಕೊಟ್ಟಿದ್ರು. ಗಝಲ್‌ಗೆ ಯಾರೂ ಇಲ್ಲ. ಹೆಸರು ಖಾಲಿ ಬಿಡ್ಲಿಕ್ಕಾಗುದಿಲ್ಲ ಅಂತ ನನ್ನ ಹೆಸರು ಬರೆದ್ರು. ಗಝಲ್ ಅಂದ್ರೆ ಎಂತ ಅಂತ ನನಗೂ ಗೊತ್ತಿಲ್ಲ, ಕಳಿಸಿದವರಿಗೂ ಗೊತ್ತಿಲ್ಲ. ನಾಲ್ಕು ದಿವಸ ಮೊಬೈಲಲ್ಲಿ ಕೇಳಿ ಕೇಳಿ ಉರ್ದು ಬಾಯಿಪಾಠ ಮಾಡಿ ಹೋದೆ. ಎರಡನೇ ಸಾಲಿಗೆ ನಿಂತೆ. ತೀರ್ಪುಗಾರರು ಪಾಪ, ಒಳ್ಳೆಯವರು, ಕೂತ್ಕೊ ಮಗಾ ಅಂದ್ರು.

— ಅದು ನೀನು ಆರಿಸಿದ್ದಲ್ಲ. ಖಾಲಿ ಇದ್ದ ಗೂಡಿಗೆ ನಿನ್ನನ್ನು ತುಂಬಿಸಿದ್ದು. ಮೇಷ್ಟ್ರುಗಳು ಎಲ್ಲರೂ ಅದನ್ನು ಮಾಡ್ತೇವೆ. ನಾನೂ ಮಾಡಿದ್ದೇನೆ, ಇಪ್ಪತ್ತೆಂಟು ವರ್ಷ ಪಿ.ಟಿ. ಮಾಸ್ಟ್ರಾಗಿ. ಗುಂಡು ಎಸೆತಕ್ಕೆ ಜನ ಇಲ್ಲ ಅಂದ್ರೆ ಕ್ಲಾಸಲ್ಲಿ ದಪ್ಪ ಇದ್ದವನ ಹೆಸರು ಬರೆಯುದು. ಅವನಿಗೆ ಚೆಸ್ ಬೇಕಿರ್ತದೆ. ಇರಲಿ, ಈಗ ಮನೆಯಲ್ಲಿ ಎಂತ ಹೇಳ್ತಾರೆ?

— ಅಮ್ಮ ಹೇಳುದು, ಯಾವುದೂ ಬೇಡ, ಶನಿವಾರ ಮೂಡುಬಿದಿರೆಗೆ ನೀಟ್‌ನ ಫೌಂಡೇಶನ್ ಕ್ಲಾಸಿಗೆ ಹೋಗು ಅಂತ. ಅಪ್ಪ ಹೇಳುದು, ಸರ್ಟಿಫಿಕೇಟ್ ಸಿಗುದನ್ನು ತಗೊ, ಮುಂದೆ ಸೀಟಿಗೆ ಉಪಯೋಗಕ್ಕೆ ಬರ್ತದೆ ಅಂತ. ನನ್ನ ಬೆಂಚಿನ ಮೂವರೂ ಗೈಡ್ಸ್. ನೀಲಿ ಯೂನಿಫಾರ್ಮಿಗೆ ಅಳತೆ ಕೊಟ್ಟಾಗಿದೆ.

— ಅಮ್ಮಂದು, ಅಪ್ಪಂದು, ಬೆಂಚಿಂದು ಹೇಳಿದೆ. ನಿನ್ನದು ಹೇಳ್ಲೇ ಇಲ್ಲ.

— ನನ್ನದನ್ನು ಆಮೇಲೆ ಹೇಳ್ತೇನೆ. ಮೊದಲು ನೀವು ಹೇಳಿ, ಅಪ್ಪ ಹೇಳುದು ಹೌದಾ? ಸೀಟಿಗೆ ಬರ್ತದಾ?

— ಲೆಕ್ಕ ಹಾಕುವ. ಹತ್ತನೇ ಕ್ಲಾಸಿಗೆ ಎಷ್ಟು ಅಂಕ?

— ಆರುನೂರ ಇಪ್ಪತ್ತೈದು. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು.

— ಅದರಲ್ಲಿ ನಿನ್ನ ಗೈಡ್ಸಿಗೆ ಎಷ್ಟು, ಯಕ್ಷಗಾನಕ್ಕೆ ಎಷ್ಟು? ಸೊನ್ನೆ. ನಾನು ಕಲಿಸಿದ ದೈಹಿಕ ಶಿಕ್ಷಣಕ್ಕೂ ಅಂಕ ಇಲ್ಲ, ಬರೀ ಗ್ರೇಡು. ಆ ಗ್ರೇಡನ್ನು ಎಲ್ಲರಿಗೂ ಚಂದ ಮಾಡಿಯೇ ಹಾಕ್ತಿದ್ದೆವು. ಆಮೇಲೆ ಪಿಯುಸಿ. ಇಂಜಿನಿಯರಿಂಗಿಗೆ ಹೋಗುದಾದ್ರೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ ಕೂಡಿಸಿ ರ‍್ಯಾಂಕು. ಡಾಕ್ಟರಿಗಾದ್ರೆ ನೀಟ್ ಒಂದೇ. ನೀನು ಒಳ್ಳೆ ಹಾಡ್ತೀಯಾ, ಒಳ್ಳೆ ಓಡ್ತೀಯಾ ಅಂತ ಅಲ್ಲಿ ಯಾರೂ ಕೇಳುದಿಲ್ಲ.

— ಹಾಗಾದ್ರೆ ಸಿಇಟಿ ಅರ್ಜಿಯಲ್ಲಿ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್-ಗೈಡ್ಸ್ ಅಂತ ಕಾಲಂ ಉಂಟಂತೆ?

— ಉಂಟು. ವಿಶೇಷ ಪ್ರವರ್ಗ ಅಂತ ಹೇಳ್ತಾರೆ. ಬೆರಳೆಣಿಕೆಯ ಸೀಟು. ಅದಕ್ಕೆ ಜೂನ್ ತಿಂಗಳಲ್ಲಿ ಅಳತೆ ಕೊಟ್ಟು ಹೊಲಿಸಿದ ಯೂನಿಫಾರ್ಮು ಸಾಲುದಿಲ್ಲ. ಗೈಡ್ಸಲ್ಲಿ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ, ಆಮೇಲೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಮೆಟ್ಟಿಲು ಹತ್ತಿದ ಹಾಗೆ ವರ್ಷ ವರ್ಷ ಹತ್ತಬೇಕು. ಒಂಬತ್ತರಲ್ಲಿ ಸೇರಿ ಹತ್ತರಲ್ಲಿ ಅಮ್ಮ ಬಿಡಿಸಿದ್ರೆ ಎರಡನೇ ಮೆಟ್ಟಿಲಲ್ಲೇ ನಿಂತಿರ್ತೀ. ಕ್ರೀಡೆಯದ್ದೂ ಹಾಗೇ, ತಾಲೂಕಿನಲ್ಲಿ ಮೂರನೇ ಸ್ಥಾನ ಬಂದ ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹಾಕಬಹುದು, ಅಷ್ಟೇ.

— ಅಮೆರಿಕದಲ್ಲಿ ಹಾಗಲ್ಲ ಮಾವ. ದೊಡ್ಡಮ್ಮನ ಮಗಳು, ನ್ಯೂಜೆರ್ಸಿಯ ಅಕ್ಕ, ಮೊನ್ನೆ ವಿಡಿಯೊ ಕಾಲಲ್ಲಿ ತೋರಿಸಿದ್ಳು. ಕಾಮನ್ ಆ್ಯಪ್ ಅಂತ ಉಂಟು, ಅಲ್ಲಿಯ ತುಂಬ ಕಾಲೇಜುಗಳಿಗೆ ಅದರಲ್ಲೇ ಅರ್ಜಿ ಹಾಕುದು. ಅದರಲ್ಲಿ ಚಟುವಟಿಕೆ ಬರಿಲಿಕ್ಕೆ ಹತ್ತು ಗೂಡು. ಒಂದೊಂದರ ವಿವರಣೆಗೆ 150 ಅಕ್ಷರ, ನಡುವೆ ಬಿಟ್ಟ ಜಾಗವೂ ಸೇರಿ. ಅವಳು ಏಳು ತುಂಬಿಸಿದ್ದಾಳೆ. ಇನ್ನು ಮೂರಕ್ಕೆ ಎಂತ ಮಾಡುದು ಅಂತ ರಾತ್ರಿ ನಿದ್ದೆ ಇಲ್ಲ ಅವಳಿಗೆ.

— ನೋಡು, ಅವಳಿಗೆ ಹತ್ತು ಗೂಡು ಇದ್ದು ನಿದ್ದೆ ಇಲ್ಲ. ನಿನಗೆ ಒಂದೂ ಗೂಡಿಲ್ಲದೆ ನಿದ್ದೆ ಇಲ್ಲ. ಪುಣ್ಯ ಯಾರದ್ದು?

— ಅವಳದ್ದೇ. ಅಲ್ಲಿ ಮಾಡಿದ್ದಕ್ಕೆ ಲೆಕ್ಕ ಉಂಟು. ಇಲ್ಲಿ ಲೆಕ್ಕಕ್ಕೇ ಇಲ್ಲ ಅಂತ ನೀವೇ ಹೇಳಿದ್ದು.

— ಪುಣ್ಯ ನಿನ್ನದು ಅಂತ ನಾನು ಹೇಳುದು. ಅವಳು ಪಿಟೀಲು ಎತ್ತಿದ ಕೂಡಲೇ ಆ 150 ಅಕ್ಷರ ಕಣ್ಣೆದುರು ಬರ್ತದೆ. ಇದನ್ನು ಹೇಗೆ ಬರೆಯುದು, ಓದಿದವರಿಗೆ ಎಂತ ಅನಿಸ್ತದೆ ಅಂತ. ನೀನು ಚೆಂಡೆ ಬಡಿ, ಗುಂಡು ಎಸಿ, ಜೇನು ಸಾಕು, ಯಾರಿಗೂ ವರದಿ ಒಪ್ಪಿಸ್ಲಿಕ್ಕಿಲ್ಲ. ನಮ್ಮ ಪರೀಕ್ಷೆಯವರು ಇದನ್ನು ಲೆಕ್ಕಕ್ಕೆ ತಗೊಳ್ಳದೆ ನಮಗೆ ತಿಳಿಯದ ಹಾಗೆ ಒಂದು ಉಪಕಾರ ಮಾಡಿದ್ದಾರೆ. 2020ರ ಶಿಕ್ಷಣ ನೀತಿಯಲ್ಲಿ ಪಠ್ಯ, ಪಠ್ಯೇತರ ಅಂತ ಗಡಸು ಗೋಡೆ ಬೇಡ ಅಂತ ಬರೆದಿದ್ದಾರೆ. ಒಳ್ಳೆ ಮಾತೇ. ಗೋಡೆ ಬಿದ್ದ ಮೇಲೆ ಯಕ್ಷಗಾನಕ್ಕೂ ಇಪ್ಪತ್ತು ಇಂಟರ್ನಲ್ ಅಂಕ ಅಂತ ಬಂದ್ರೆ ಎಂತ ಮಾಡುದು, ಅದೇ ನನ್ನ ಹೆದರಿಕೆ.

— ನಿಮಗೆ ಎಲ್ಲದರಲ್ಲೂ ಹೆದರಿಕೆ. ಆದ್ರೆ ಲೆಕ್ಕಕ್ಕಿಲ್ಲದ್ದನ್ನು ಯಾವ ಅಳತೆಯಲ್ಲಿ ಆರಿಸುದು? ಇಷ್ಟ ಇದ್ದದ್ದನ್ನು ಆರಿಸು ಅಂತ ಹೇಳ್ಬೇಡಿ. ಅದನ್ನು ಎಲ್ಲರೂ ಹೇಳ್ತಾರೆ. ನನಗೆ ನೋಡಿದ್ದೆಲ್ಲ ಇಷ್ಟ ಆಗ್ತದೆ. ಡಿಸೆಂಬರಲ್ಲಿ ಮೂಡುಬಿದಿರೆಯ ಆಳ್ವಾಸ್ ಕಾಲೇಜಿನ ಉತ್ಸವ ವಿರಾಸತ್‌ಗೆ ಹೋದ್ರೆ ಮಲ್ಲಕಂಬ ಇಷ್ಟ, ಮಣಿಪುರದ ಕೋಲಿನ ಕುಣಿತ ಇಷ್ಟ, ಮನೆಗೆ ಬಂದು ನಿದ್ದೆ ಮಾಡಿ ಎದ್ರೆ ಎಲ್ಲ ಖಾಲಿ.

— ಹೇಳುದಿಲ್ಲ. ಒಂದು ಕೇಳ್ತೇನೆ. ನೀನು ಚೌಕಿ ನೋಡಿದ್ದೀಯಾ?

— ಯಕ್ಷಗಾನ ಆಟದ ಚೌಕಿಯಾ, ಬಣ್ಣ ಹಚ್ಚಿ ವೇಷ ಕಟ್ಟುವಲ್ಲಿ? ಹೊರಗಿಂದ ಇಣುಕಿ ನೋಡಿದ್ದೇನೆ.

— ಒಳಗೆ ಹೋಗಿ ಕೂತು ನೋಡು ಒಮ್ಮೆ. ನಮ್ಮ ಶಾಲೆಯ ಮಕ್ಕಳ ಆಟಕ್ಕೆ ನಾನೇ ಜವಾಬ್ದಾರಿ ಇದ್ದೆ ನಾಲ್ಕು ವರ್ಷ, ಅದಕ್ಕೆ ಹೇಳುದು. ದೇವರ ಪೆಟ್ಟಿಗೆಯ ಎದುರು ದೀಪ. ಎರಡು ಸಾಲು ಚಾಪೆ. ಮಧ್ಯಾಹ್ನ ಮೂರಕ್ಕೆ ಮಕ್ಕಳು ಕಾಲು ಮಡಚಿ ಕನ್ನಡಿ ಹಿಡಿದು ಕೂತ್ರೆ ಬಣ್ಣ ಆಗ್ಲಿಕ್ಕೆ ಒಂದು ಗಂಟೆ. ಒಣಗುವ ತನಕ ನಗಬಾರದು, ನಕ್ಕರೆ ಕೆನ್ನೆಯ ಗೆರೆ ಒಡೆಯುತ್ತದೆ. ಹದಿಮೂರು ವರ್ಷದವರಿಗೆ ನಗಬಾರದು ಅಂದ್ರೆ ಹೇಗೆ? ಆಮೇಲೆ ಕಟ್ಟು. ಸೊಂಟಕ್ಕೆ ಬಟ್ಟೆ ಸುತ್ತಿ ಸುತ್ತಿ ದಾರ ಎಳೆದು ಬಿಗಿಯುವಾಗ ಒಬ್ಬರು ಬೆನ್ನಿಗೆ ಮೊಣಕಾಲು ಕೊಟ್ಟೇ ಎಳೆಯುದು. ಕಟ್ಟಿ ಆದ ಮೇಲೆ ಕೂರ್ಲಿಕ್ಕಿಲ್ಲ, ಹೊಟ್ಟೆ ತುಂಬ ತಿನ್ಲಿಕ್ಕಿಲ್ಲ, ಒಂದಕ್ಕೆ ಹೋಗುದು ಬೇಡವೇ ಬೇಡ. ಕಿರೀಟ ಇಟ್ಟ ಮೇಲೆ ಹಣೆ ನೋವು. ಹೀಗೆ ನಾಲ್ಕು ಗಂಟೆ. ರಂಗಸ್ಥಳದಲ್ಲಿ ಎಷ್ಟು ಹೊತ್ತು? ಸಣ್ಣ ವೇಷಕ್ಕೆ ಹದಿನೈದು ನಿಮಿಷ. ಎರಡು ಪದ, ನಾಲ್ಕು ಮಾತು, ಗಿರಗಿರ ತಿರುಗುವ ಒಂದು ಧೀಂಗಿಣ.

— ಧೀಂಗಿಣ ಚಂದ ಮಾವ.

— ಚಂದ. ಅದನ್ನು ನೋಡಿಯೇ ಎಲ್ಲರೂ ಹೆಸರು ಕೊಡುದು. ಜೂನಲ್ಲಿ ನಲುವತ್ತು ಮಕ್ಕಳು ಬರ್ತಾರೆ. ಗುರುಗಳು ಧೀಂಗಿಣ ಕಲಿಸುದಿಲ್ಲ, ತೈತ ತಕತ ಅಂತ ಒಂದೇ ಹೆಜ್ಜೆಯನ್ನು ಒಂದು ತಿಂಗಳು ಹಾಕಿಸ್ತಾರೆ. ಚೌತಿಗೆ ಬರುವಾಗ ಹದಿನೆಂಟು ಮಂದಿ ಉಳಿದಿರ್ತಾರೆ. ಆ ಹದಿನೆಂಟರಲ್ಲಿ ಕೆಲವರನ್ನು ನೋಡಿದ್ರೆ ಆಶ್ಚರ್ಯ ಆಗ್ತದೆ. ಅವರಿಗೆ ಚೌಕಿಯೇ ಇಷ್ಟ. ಮೊದಲೇ ಬಂದು ಚಾಪೆ ಹಾಸುದು, ಗೆಜ್ಜೆ ಒರೆಸುದು, ತನ್ನ ವೇಷ ಮುಗಿದ ಮೇಲೂ ಮನೆಗೆ ಹೋಗದೆ ಇನ್ನೊಬ್ಬನ ದಾರ ಬಿಚ್ಚುದು. ಅವರು ಚೆನ್ನಾಗಿ ಕುಣಿಯಲಿ, ಬಿಡಲಿ, ನಿಲ್ತಾರೆ. ನನ್ನ ಅಳತೆ ಅಷ್ಟೇ. ರಂಗಸ್ಥಳ ಎಲ್ಲರಿಗೂ ಇಷ್ಟವೇ. ಯಾವುದರ ಚೌಕಿ ನಿನಗೆ ಬೇಸರ ತರುದಿಲ್ಲ, ಅದು ಹೇಳು.

— ಎಲ್ಲದಕ್ಕೂ ಚೌಕಿ ಉಂಟಾ?

— ಇಲ್ಲದೆ? ಗೈಡ್ಸಿನ ಚೌಕಿ ಗಂಟು ಹಾಕುದು. ಅದೇ ಹಗ್ಗ, ಅದೇ ಗಂಟು, ಕಣ್ಣು ಮುಚ್ಚಿದ್ರೂ ಬರಬೇಕು. 2022ರ ಡಿಸೆಂಬರಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಆಯ್ತಲ್ಲ, 21ರಿಂದ 27ರ ತನಕ? ಜನ ನೋಡಿದ್ದು ಮೆರವಣಿಗೆ, ಬಣ್ಣದ ಸ್ಕಾರ್ಫು. ನಾನು ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದ್ದು ಎಲ್ಲಿಂದಲೋ ಬಂದ ಮಕ್ಕಳು ನಿದ್ದೆಗಣ್ಣಲ್ಲಿ ತಟ್ಟೆ ತೊಳೆಯಲು ಸಾಲಲ್ಲಿ ನಿಂತದ್ದು. ಅದು ಚೌಕಿ. ಅತ್ಲೆಟಿಕ್ಸಿಂದು ಕೇಳುದೇ ಬೇಡ. ಅಲ್ಲಿಯ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಉಂಟು, 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕ್ರೀಡಾಕೂಟ ಅಲ್ಲೇ ಆಯ್ತು, ಸಮಗ್ರ ಪ್ರಶಸ್ತಿ ನಮ್ಮ ಮಂಗಳೂರು ವಿಶ್ವವಿದ್ಯಾನಿಲಯಕ್ಕೇ ಬಂತು. ಪದಕದ ಫೋಟೊ ಪೇಪರಲ್ಲಿ ಬಂತು. ಬೆಳಿಗ್ಗೆ ಐದೂವರೆಯ ಕತ್ತಲೆಯಲ್ಲಿ ಅದೇ ಮೈದಾನಕ್ಕೆ ಸುತ್ತು ಹಾಕಿದ್ದರ ಫೋಟೊ ಯಾರು ತೆಗಿತಾರೆ? ಕ್ರೀಡೆಗೆ, ಕಲೆಗೆ ಅಂತ ಮಕ್ಕಳನ್ನು ದತ್ತು ತಗೊಂಡು ಓದಿಸುವ ಕ್ರಮ ಆಳ್ವಾಸ್‌ನಲ್ಲಿ ಉಂಟು. ಅಲ್ಲಿ ಸೇರಿದ ಮಕ್ಕಳನ್ನು ಕಂಡು ಎಷ್ಟೋ ಅಪ್ಪಂದಿರು ನನ್ನ ಹತ್ತಿರ ಬಂದು, ನಮ್ಮವನನ್ನೂ ಸೇರಿಸಿ ಸರ್ ಅಂತ ಕೇಳಿದ್ದುಂಟು. ಮಗ ಬೆಳಿಗ್ಗೆ ಎಷ್ಟಕ್ಕೆ ಏಳ್ತಾನೆ ಅಂತ ನಾನು ಕೇಳುದು. ಏಳಕ್ಕೆ ಎಬ್ಬಿಸಬೇಕು ಸರ್ ಅಂತಾರೆ. ಮಾತು ಅಲ್ಲಿಗೆ ಮುಗೀತು.

— ಕಂಬಳದ್ದು?

— ಕಂಬಳದ್ದು ನಮ್ಮೂರಲ್ಲಿ ಕೇಳಬೇಕಾ! 2020ರ ಫೆಬ್ರವರಿ ಒಂದಕ್ಕೆ ಐಕಳದಲ್ಲಿ ನಮ್ಮ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಟ್ಟಿಗೆ ಓಡಿದ್ದು. 142.5 ಮೀಟರ್ ಕೆಸರಿನ ಕರೆ, 13.62 ಸೆಕೆಂಡು. ಯಾರೋ ಭಾಗಾಕಾರ ಮಾಡಿದ್ರು, ನೂರು ಮೀಟರಿಗೆ 9.55 ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಮತ್ತೆ ಕೇಳಬೇಕಾ? ದೇಶಕ್ಕೆ ದೇಶವೇ ಮಿಜಾರು ಎಲ್ಲಿ ಅಂತ ಹುಡುಕಿತು. ಅದಕ್ಕಿಂತ ಮೊದಲು ಈ ಊರಿನ ಹೆಸರು ಹೊರಗೆ ಹೋದದ್ದು ಹಾಸ್ಯಗಾರ ಮಿಜಾರು ಅಣ್ಣಪ್ಪರಿಂದ. ಅವರು ರಂಗಸ್ಥಳಕ್ಕೆ ಬಂದು ಬಾಯಿ ತೆರೆಯುವ ಮೊದಲೇ ಜನ ನಗ್ತಿದ್ರು. ನೋಡು, ಒಬ್ಬರು ನಗಿಸಿ, ಒಬ್ಬರು ಓಡಿ ಊರಿನ ಹೆಸರು ಹೇಳಿಸಿದ್ದು.

— ಗೌಡರನ್ನು ಡೆಲ್ಲಿಯವರು ಕರೆದಿದ್ರಲ್ಲ, ಯಾಕೆ ಹೋಗ್ಲಿಲ್ಲ? ನಮ್ಮ ಕ್ಲಾಸಲ್ಲಿ ಎಲ್ಲರೂ ಹೇಳುದು, ಚಾನ್ಸ್ ಬಿಟ್ಟುಬಿಟ್ರು ಅಂತ.

— ನಿಮ್ಮ ಕ್ಲಾಸಿನವರಿಗೆ ಓಟ ಗೊತ್ತಿಲ್ಲ. ಕೇಂದ್ರದ ಆಗಿನ ಕ್ರೀಡಾ ಮಂತ್ರಿ ಕಿರಣ್ ರಿಜಿಜು ಟ್ರಯಲ್ಸಿಗೆ ಕರೆದದ್ದು ಹೌದು. ಗೌಡರು ಹೇಳಿದ್ದು ನೂರಕ್ಕೆ ನೂರು ಸರಿ. ಕಂಬಳದಲ್ಲಿ ಊರುದು ಹಿಮ್ಮಡಿ, ಟ್ರ್ಯಾಕಲ್ಲಿ ಬೇಕಾದ್ದು ಮುಂಗಾಲು. ಇಲ್ಲಿ ವೇಗ ಕೋಣದ್ದೂ ಹೌದು. ಹಗ್ಗ ಹಿಡಿದವನು ಅದರೊಟ್ಟಿಗೆ ಓಡಿ, ಬೀಳದೆ, ಕೋಣ ಓರೆ ಹೋಗದ ಹಾಗೆ ನೋಡುದು. ನಾನು ಟ್ರ್ಯಾಕ್ ಕಲಿಸಿದವನು, ನನಗೆ ಅರ್ಥ ಆಗ್ತದೆ. ಅವರು ತನ್ನ ಕೆಲಸದ ಮೂಲೆ ಮೂಲೆ ತಿಳಿದವರು, ಅದಕ್ಕೇ ಪಕ್ಕದ ಕೆಲಸ ತನ್ನದಲ್ಲ ಅಂತ ಹೇಳಿದ್ದು. ಆ ತಿಳಿವು ಬಂದದ್ದು ಎಲ್ಲಿಂದ? ಕಂಬಳದ ಚೌಕಿಯಿಂದ. ನವೆಂಬರಿಂದ ಮಾರ್ಚ್ ತನಕ ಓಟ. ಕೋಣಕ್ಕೆ ಹನ್ನೆರಡು ತಿಂಗಳೂ ಕೆಲಸ. ಎಣ್ಣೆ ತಿಕ್ಕಬೇಕು, ಕೆರೆಗೆ ಬಿಟ್ಟು ಈಜಿಸಬೇಕು, ಹುರುಳಿ ಬೇಯಿಸಿ ಹಾಕಬೇಕು, ರಾತ್ರಿ ಎದ್ದು ಸೊಳ್ಳೆಗೆ ಹೊಗೆ ಹಾಕಬೇಕು. ಹದಿಮೂರು ಸೆಕೆಂಡಿನ ಚಂದಕ್ಕೆ ಇಷ್ಟು. ಅದರ ಸೆಗಣಿ ಎತ್ತುವಾಗ ಯಾರಿಗೆ ಬೇಸರ ಆಗುದಿಲ್ಲವೋ ಅವನಿಗೆ ಹಗ್ಗ.

— ಮಾವ, ಒಂದು ಹೇಳ್ಲಾ? ಸಿಟ್ಟು ಮಾಡ್ಬಾರದು.

— ಹೇಳು.

— ನೀವು ಹೇಳಿದ್ದೆಲ್ಲ ಹುಡುಗರ ಚೌಕಿ. ಕೋಣದ ಹಗ್ಗವನ್ನು ನನಗೆ ಯಾರು ಕೊಡ್ತಾರೆ? ಬೆಳಿಗ್ಗೆ ಐದೂವರೆಗೆ ಕತ್ತಲೆಯಲ್ಲಿ ಮೈದಾನಕ್ಕೆ ಸುತ್ತು ಹಾಕು ಅಂತ ಹೇಳಿದ್ರಿ, ಮೇನ್ ರೋಡಿಂದ ನಮ್ಮ ಮನೆಗೆ ಒಳದಾರಿ ಒಂದೂವರೆ ಕಿಲೋಮೀಟರ್, ಎರಡೂ ಬದಿ ರಬ್ಬರ್ ತೋಟ. ಆಟ ಮುಗಿಯುದು ರಾತ್ರಿ ಹತ್ತಕ್ಕೆ. ಕಟ್ಟಿದ ಮೇಲೆ ಒಂದಕ್ಕೆ ಹೋಗ್ಲಿಕ್ಕಿಲ್ಲ ಅಂತ ತಮಾಷೆ ಮಾಡಿದ್ರಿ. ತಿಂಗಳಲ್ಲಿ ನಾಲ್ಕು ದಿವಸ ನಮಗೆ ಅದು ತಮಾಷೆ ಅಲ್ಲ. ಹುಡುಗರು ಚೌಕಿ ನೋಡಿ ಆರಿಸಬಹುದು. ನಾವು ಮೊದಲು ನೋಡುದು ಕೊನೆಯ ಬಸ್ಸು ಎಷ್ಟಕ್ಕೆ ಅಂತ.

— ...

— ಸಿಟ್ಟು ಬಂತಾ?

— ಇಲ್ಲ ಮಗಾ. ನನಗೊಂದು ನೆನಪಾಯ್ತು. ನಮ್ಮಲ್ಲಿ ಒಬ್ಬಳು ಇದ್ದಳು, ಎಂಟನೇ ಕ್ಲಾಸಲ್ಲಿ. ಉದ್ದಜಿಗಿತ. ಅವಳು ಹಲಗೆಗೆ ಕಾಲು ಕೊಟ್ಟದ್ದು ಕಾಣ್ತಿರ್ಲಿಲ್ಲ, ಮರಳಲ್ಲಿ ಬಿದ್ದದ್ದೇ ಕಾಣುದು. ಜಿಲ್ಲೆಗೆ ಹೋಗಿ ಬಂದ್ಳು. ಒಂಬತ್ತಕ್ಕೆ ಬಂದ ಮೇಲೆ ಆಗಸ್ಟಲ್ಲಿ ಪ್ರಾಕ್ಟೀಸಿಗೆ ಬರುದು ನಿಲ್ಲಿಸಿದ್ಳು. ಎರಡು ಸಲ ಕರೆದೆ, ತಲೆ ತಗ್ಗಿಸಿ ನಿಂತ್ಳು. ನನ್ನ ರಿಜಿಸ್ಟರಲ್ಲಿ ಅವಳ ಹೆಸರಿನ ಎದುರು ಬರೆದೆ: ಆಸಕ್ತಿ ಇಲ್ಲ. ಹತ್ತು ಹನ್ನೆರಡು ವರ್ಷ ಕಳೆದು ಒಂದು ಮದುವೆ ಹಾಲಲ್ಲಿ ಸಿಕ್ಕಿದ್ಳು, ಮಗುವನ್ನು ಎತ್ತಿಕೊಂಡಿದ್ಳು. ನಾನೇ ತಮಾಷೆಗೆ ಕೇಳಿದೆ, ಯಾಕಮ್ಮಾ ಅವತ್ತು ಬಿಟ್ಟೆ ಅಂತ. ಅವಳು ಹೇಳಿದ್ದು, ಸರ್, ಪ್ರಾಕ್ಟೀಸ್ ಐದೂವರೆಗೆ ಬಿಡ್ತಿತ್ತು, ನಮ್ಮ ಬಸ್ಸು ಐದಕ್ಕೆ. ಅಷ್ಟೇ.

— ನೀವು ಕೇಳಿದ್ರೆ ಅವತ್ತೇ ಹೇಳ್ತಿದ್ಳು.

— ಕೇಳ್ಲಿಲ್ಲ. ಅರ್ಧ ಗಂಟೆ ಮೊದಲು ಶುರು ಮಾಡಿದ್ರೆ ಮುಗೀತಿತ್ತು. ಇಪ್ಪತ್ತೆಂಟು ವರ್ಷದ ರಿಜಿಸ್ಟರಲ್ಲಿ ಎಷ್ಟು ಹುಡುಗಿಯರ ಎದುರು ಆಸಕ್ತಿ ಇಲ್ಲ ಅಂತ ಬರೆದಿದ್ದೇನೋ. ಒಂಬತ್ತನೇ ಕ್ಲಾಸಲ್ಲೇ ಹೆಚ್ಚು. ಹುಡುಗರ ಎದುರು ಅದನ್ನು ಬರೆದ ನೆನಪಿಲ್ಲ.

— ಹಾಗಾದ್ರೆ ಅಮ್ಮ ಹೇಳುದೇ ಸರಿಯಾ? ಯಾವುದೂ ಬೇಡ?

— ಬೇಡ ಅಂತ ಹೇಳಿದ್ದಲ್ಲ. ಕೇಳುವ ಕ್ರಮ ಹಿಂದೆಮುಂದೆ ಆಯ್ತು ಅಂತ ಒಪ್ಪಿದ್ದು. ಬಸ್ಸು ಮೊದಲು ಕೇಳಬೇಕು, ಕಲಿಸುವವರು ಯಾರು ಅಂತ ಆಮೇಲೆ ಕೇಳಬೇಕು, ಕೊನೆಗೆ ಚೌಕಿ. ಕಲಿಸುವವರು ಇಲ್ಲದ್ದನ್ನು ಆರಿಸಿದ್ರೆ ಮತ್ತೆ ಗಝಲ್ ಆಗ್ತದೆ. ನಮ್ಮ ಭಾಗದಲ್ಲಿ ಒಂದು ಅನುಕೂಲ ಉಂಟು. ಯಕ್ಷಗಾನಕ್ಕೆ ಗುರುಗಳಿಗೆ ಬರ ಇಲ್ಲ. ಪಟ್ಲ ಫೌಂಡೇಶನ್‌ನವರು ಶಾಲೆಗಳಿಗೆ ಬಂದು ಉಚಿತವಾಗಿ ಕಲಿಸ್ತಾರೆ, ಉಡುಪಿ ಕಡೆ ಕಲಾರಂಗದವರು ಎಷ್ಟೋ ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಕಲಿಸ್ತಾ ಬಂದಿದ್ದಾರೆ. ಪಿಯಾನೊ ಆರಿಸಿದ್ರೆ ನೀನು ಮಂಗಳೂರಿಗೆ ಹೋಗ್ಬೇಕು. ಇದಾದ್ರೆ ಅದೇ ಶಾಲೆಯ ಹಾಲಿಗೆ ಬರ್ತದೆ.

— ಯಕ್ಷಗಾನದಲ್ಲಿಯೂ ಹುಡುಗಿಯರು ಹತ್ತನೇ ಕ್ಲಾಸಿಗೆ ನಿಲ್ಲಿಸ್ತಾರೆ ಮಾವ.

— ನಿಲ್ಲಿಸ್ತಾರೆ. ಹೈಸ್ಕೂಲ್ ಆಟದಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ ಇರ್ತಾರೆ, ಮೇಳದಲ್ಲಿ ನೋಡಿದ್ರೆ ಕಾಣುದಿಲ್ಲ. ಹಾಗಿದ್ರೂ ಬಜಪೆಯ ಲೀಲಾವತಿ ಬೈಪಾಡಿತ್ತಾಯರು ಇದ್ದರಲ್ಲ. ಸಂಗೀತ ಗೊತ್ತಿದ್ದವರು, ಮದುವೆ ಆದ ಮೇಲೆ ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತದ್ದು. ಗಂಡ ಚೆಂಡೆ-ಮದ್ದಳೆ, ಹೆಂಡತಿ ಪದ. ಮೇಳದ ತಿರುಗಾಟ ಮಾಡಿದ್ರು, ಇಡೀ ರಾತ್ರಿ ಆಟ ಇದ್ದ ಕಾಲದಲ್ಲಿ. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಮರುವರ್ಷ ಡಿಸೆಂಬರಲ್ಲಿ ತೀರಿಹೋದ್ರು. ಅವರಿಂದ ಹಿಮ್ಮೇಳ ಕಲಿತ ಮಕ್ಕಳಿಗೆ ಲೆಕ್ಕ ಇಲ್ಲ.

— ಅವರಿಗೆ ಮನೆಯಲ್ಲೇ ಗುರು ಇದ್ರು. ಮತ್ತೆ ರಾತ್ರಿ ಒಟ್ಟಿಗೆ ಬರ್ಲಿಕ್ಕೆ ಗಂಡ ಇದ್ರು.

— ಅದೂ ಹೌದು. ನಿನ್ನ ಹತ್ತಿರ ಮಾತಾಡಿ ಗೆಲ್ಲುದು ಕಷ್ಟ. ಚರ್ಚಾ ಸ್ಪರ್ಧೆಗೆ ಹೆಸರು ಕೊಡು.

— ಚರ್ಚೆಯಲ್ಲಿ ವಿಷಯ ಅವರು ಕೊಡ್ತಾರೆ, ಪರವಾ ವಿರೋಧವಾ ಅಂತ ಅವರೇ ಹೇಳ್ತಾರೆ. ನನಗೆ ಸರಿ ಆಗುದಿಲ್ಲ.

— ವೇಷ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆ ಕೇಳು ಹಾಗಾದ್ರೆ. ಅಲ್ಲಿ ಕೌರವನ ಅರ್ಥ ಹೇಳಿದವರೇ ನಾಳೆ ಕೃಷ್ಣನದ್ದು ಹೇಳ್ತಾರೆ. ಎದುರಿನವರು ಎಂತ ಕೇಳ್ತಾರೆ ಅಂತ ಮೊದಲೇ ಗೊತ್ತಿರುದಿಲ್ಲ. ಬಾಯಿಪಾಠ ನಡೆಯುದಿಲ್ಲ. ಸರಿ, ಅದು ಬಿಡು. ಎರಡು ಆರಿಸಿ ಅಂತ ಬರೆದಿದ್ದಾರೆ ಅಂದೆಯಲ್ಲ, ಎರಡು ಬೇಕಾ ನಿನಗೆ?

— ಎರಡೂ ಗೂಡು ತುಂಬಿಸದಿದ್ರೆ ಕ್ಲಾಸ್ ಟೀಚರ್ ವಾಪಸ್ ಕೊಡ್ತಾರೆ.

— ಒಂದನ್ನು ಮನಸ್ಸಿಗೆ ಬರೆ, ಇನ್ನೊಂದನ್ನು ಕ್ಲಾಸ್ ಟೀಚರಿಗೆ ಬರೆ. ಇಕೋ ಕ್ಲಬ್ ಹಾಕು. ವನಮಹೋತ್ಸವದ ದಿವಸ ಒಂದು ಗಿಡ ನೆಟ್ರೆ ಮುಗೀತು, ಇಲ್ಲಿ ಹೇಗೂ ನೂರು ಅಡಿಕೆ ಸಸಿ ನೆಡ್ಲಿಕ್ಕೆ ಬಾಕಿ ಉಂಟು. ನನಗೆ ಗೊತ್ತಿದ್ದ ಒಬ್ಬ ಹುಡುಗ ಆರೇಳಕ್ಕೆ ಸೇರಿದ್ದ. ಸೋಮವಾರ ಅಬಾಕಸ್, ಮಂಗಳವಾರ ಕರಾಟೆ, ಬುಧವಾರ ಕೀಬೋರ್ಡು. ಗುರುವಾರ ಎಂತ ಅಂತ ಅವನಿಗೇ ಮರೆತು ಹೋಗ್ತಿತ್ತು, ಅಮ್ಮನನ್ನು ಕೇಳ್ತಿದ್ದ.

— ಸೇರಿದ ಮೇಲೆ ಆಗ್ಲಿಕ್ಕಿಲ್ಲ ಅಂತ ಅನಿಸಿದ್ರೆ ಬಿಡಬಹುದಾ? ಅಪ್ಪ ಹೇಳುದು, ಹಿಡಿದದ್ದನ್ನು ಬಿಡಬಾರದು ಅಂತ.

— ನಿನ್ನ ಅಪ್ಪ ಹಾರ್ಮೋನಿಯಂ ಕಲಿಲಿಕ್ಕೆ ಹೋಗಿ ಎರಡು ವಾರಕ್ಕೆ ಬಿಟ್ಟದ್ದನ್ನು 1991ರಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಬಿಡಬಹುದು. ಎರಡು ವಾರಕ್ಕೆ ಬಿಡುದು ಬೇಡ, ದೀಪಾವಳಿ ತನಕ ನೋಡು. ಮಳೆಗಾಲದಲ್ಲಿ ಎಲ್ಲವೂ ಬೇಸರವೇ, ಬಟ್ಟೆ ಒಣಗುದಿಲ್ಲ, ಬಸ್ಸು ತಡ. ದೀಪಾವಳಿ ಕಳೆದ ಮೇಲೂ ಶುಕ್ರವಾರ ರಾತ್ರಿ ಹೊಟ್ಟೆನೋವು ಬಂದ್ರೆ, ಬಿಡು. ಆದ್ರೆ ಬಿಡುವಾಗ ಗುರುಗಳಿಗೆ ಮುಖ ಕೊಟ್ಟು ಹೇಳಿ ಬಿಡು. ಸುಮ್ಮನೆ ಬಾರದೆ ಇದ್ರೆ ಅವರು ರಿಜಿಸ್ಟರಲ್ಲಿ ಎಂತ ಬರಿತಾರೆ ಗೊತ್ತಲ್ಲ.

— ಮತ್ತೆ ಹತ್ತನೇ ಕ್ಲಾಸಲ್ಲಿ?

— ಹತ್ತನೇ ಕ್ಲಾಸಿಂದು ಹತ್ತನೇ ಕ್ಲಾಸಲ್ಲಿ. ನಿನ್ನ ಅಮ್ಮನ ಹತ್ತಿರ ನಾನು ಮಾತಾಡ್ತೇನೆ. ವಾರಕ್ಕೆ ಎರಡು ಗಂಟೆ ತೆಗೆದ್ರೆ ಯಾರ ಅಂಕವೂ ಬಿದ್ದುಹೋಗುದಿಲ್ಲ. ಆ ಎರಡು ಗಂಟೆ ಮನೆಯಲ್ಲಿದ್ರೆ ನೀನು ಓದ್ತೀ ಅಂತ ಅವಳಿಗೆ ನಂಬಿಕೆ, ಮೊಬೈಲ್ ನೋಡ್ತೀ ಅಂತ ನನಗೆ ನಂಬಿಕೆ.

— ಫೌಂಡೇಶನ್ ಕ್ಲಾಸು ಶನಿವಾರವೇ ಮಾವ. ಅದೇ ಹೊತ್ತಿಗೆ.

— ಹೌದಾ? ಆದಿತ್ಯವಾರದ ಬ್ಯಾಚ್ ಉಂಟಾ ಅಂತ ಕೇಳುವ. ಇಲ್ಲದಿದ್ರೆ ನಿನ್ನ ಅಮ್ಮನ ಹತ್ತಿರ ಸ್ವಲ್ಪ ದೊಡ್ಡ ಸ್ವರದಲ್ಲಿ ಮಾತಾಡ್ಬೇಕು. ಅದಿರಲಿ, ನಿನ್ನದನ್ನು ಆಮೇಲೆ ಹೇಳ್ತೇನೆ ಅಂದೆ. ಆಮೇಲೆ ಆಯ್ತು ಈಗ.

— ನಗಬಾರದು.

— ಬಣ್ಣ ಹಾಕಿದ್ದೇನೆ ಅಂತ ತಿಳ್ಕೊ, ನಗುದಿಲ್ಲ.

— ನನಗೆ ಕುಣಿಲಿಕ್ಕೆ ಆಸೆ ಇಲ್ಲ. ಆ ಬಣ್ಣ, ಕಿರೀಟ, ಯಾವುದೂ ಬೇಡ. ಹಿಂದೆ ಕೂತಿರ್ತಾರಲ್ಲ, ಕೆಂಪು ಮುಂಡಾಸು ಕಟ್ಟಿಕೊಂಡು. ಅವರ ಸಾಲಲ್ಲಿ ನಿಂತು ಚೆಂಡೆ ಬಡಿಬೇಕು ಅಂತ. ಆದ್ರೆ ಶಾಲೆಯಲ್ಲಿ ಕಲಿಸುದು ಹೆಜ್ಜೆ ಮಾತ್ರ. ಚೆಂಡೆ ಇಲ್ಲ. ಅದಕ್ಕೇ ಹೇಳ್ಲಿಲ್ಲ.

— ಅದು ನನಗೆ ಒಂದು ಗಂಟೆಯಿಂದ ಗೊತ್ತುಂಟು.

— ಹೇಗೆ? ನಾನು ಯಾರಿಗೂ ಹೇಳ್ಲಿಲ್ಲ!

— ಬಾಯಲ್ಲಿ ಹೇಳ್ಲಿಲ್ಲ. ಕೂತಲ್ಲಿಂದ ಹೆಡಿಗೆಯ ಅಂಚಿಗೆ ಎರಡು ಕೈಯಲ್ಲೂ ಬಡಿತಾ ಇದ್ದೀ. ನಾನು ಗೌಡರ ಓಟದ ಸುದ್ದಿ ಹೇಳುವಾಗ ಜೋರಾಯ್ತು, ಉದ್ದಜಿಗಿತದ ಹುಡುಗಿಯ ಸುದ್ದಿಗೆ ನಿಂತಿತು. ಮಳೆ ಶಬ್ದ ಅಂತ ಮೊದಲು ಎಣಿಸಿದ್ದೆ.

— ಅಯ್ಯೋ.

— ಹೆಜ್ಜೆಯ ಕ್ಲಾಸಿಗೇ ಸೇರು. ತಾಳ ಕಾಲಿಗೆ ಹತ್ತಲಿ, ಏಕ, ಆದಿ, ತ್ರಿಪುಟ ಎಲ್ಲ. ಆರು ತಿಂಗಳು ಕಳೆದು ಗುರುಗಳ ಹತ್ತಿರ ನೀನೇ ಕೇಳು, ನನಗೆ ಹಿಮ್ಮೇಳ ಕಲಿಸ್ತೀರಾ ಅಂತ. ನಾನು ಶಿಫಾರಸು ಮಾಡುದಿಲ್ಲ. ಕ್ಲಾಸು ಎಷ್ಟಕ್ಕೆ ಬಿಡ್ತದೆ?

— ನಾಲ್ಕೂವರೆಗೆ.

— ಬಸ್ಸು?

— ನಾಲ್ಕೂ ಐವತ್ತು. ಮತ್ತೆ ಒಳದಾರಿ.

— ಒಳದಾರಿಯ ಬಾಯಿಗೆ ನಾನು ಸ್ಕೂಟರ್ ತರ್ತೇನೆ. ನನಗೂ ಐದು ಗಂಟೆಗೆ ಅಂಗಡಿಯಲ್ಲಿ ಚಾ ಕುಡಿಲಿಕ್ಕೆ ಒಂದು ನೆಪ. ಫಾರ್ಮ್ ತಾ, ಪೆನ್ನು ಒಳಗೆ ದೇವರ ಕೋಣೆಯ ಗೂಡಲ್ಲುಂಟು. ತಡಿ, ತಡಿ. ಮೊದಲು ಇಲ್ಲಿ ನೋಡು.

— ಎಂತ?

— ಪಟೋರದ ಹೆಡಿಗೆ ನೋಡು. ಅರ್ಧ ಕರಿಗೋಟು. ದೊಡ್ಡ ಹೆಡಿಗೆಗೂ ಬಿದ್ದಿದೆ ಐದಾರು. ನಿನ್ನ ಕೈ ಬಡಿತಾ ಇತ್ತು, ಆರಿಸ್ತಾ ಇರ್ಲಿಲ್ಲ.

— ಪುನಃ ಎಲ್ಲ ಬೇರೆ ಮಾಡ್ಬೇಕಾ?

— ಮತ್ತೆ? ಇದನ್ನು ಹೀಗೇ ಮಂಡಿಗೆ ಕೊಂಡುಹೋದ್ರೆ ಇಡೀ ಗೋಣಿಗೆ ಕರಿಗೋಟಿನ ರೇಟು ಹಾಕ್ತಾನೆ. ಸುರಿ ಇಲ್ಲಿ ಗೋಣಿಯ ಮೇಲೆ. ಅಲ್ಲ, ಪೂರ್ತಿ ಸುರಿ. ತಾಳ ಬೇಕಾದ್ರೆ ಬಾಯಲ್ಲಿ ಹೇಳು, ಕೈ ನನಗೆ ಬೇಕು.